ಅತ್ತೆಯ ತಲೆವಸ್ತ್ರದಲ್ಲಿ ಬಂದ ಪತಂಗ

ನಮ್ಮ ಅತ್ತೆ ಸೈಮಿ ಸುಳ್ಳು ಹೇಳುವವರಲ್ಲ, ಹಿಲ್ಲಾ ಹಣ್ಣಿನ ವಿಷಯವೊಂದನ್ನು ಬಿಟ್ಟು. ಆ ಒಂದು ವಿಷಯದಲ್ಲಿ ಅವರು ಪಾದ್ರಿಯ ಎದುರಿಗೂ ಕಣ್ಣು ಮಿಟುಕಿಸದೆ ಸುಳ್ಳು ಹೇಳಬಲ್ಲರು. ಒಂದು ಸಲ ಹೇಳಿಯೂ ಇದ್ದಾರೆ.

ನಮ್ಮ ಊರು ಕೈರಾನಿವಾದಲ್ಲಿ ಇದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಜೌಗು ನೆಲದಲ್ಲಿ ಬೆಳೆಯುವ ಈ ಜೇನುಬಣ್ಣದ ಹಣ್ಣು ಯಾವ ಮನೆಯವರಿಗೆ ಎಲ್ಲಿ ಸಿಗುತ್ತದೆ ಎಂದು ಇನ್ನೊಂದು ಮನೆಯವರು ಕೇಳುವುದಿಲ್ಲ, ಕೇಳಿದರೆ ಸಿಕ್ಕ ಉತ್ತರವನ್ನು ನಂಬುವುದಿಲ್ಲ. ಹಣ್ಣಿಗೆ ಹೊರಟವರು ಮೊದಲು ತಪ್ಪು ದಿಕ್ಕಿಗೆ ಹೊರಡಬೇಕು. ಪಕ್ಕದ ಮನೆಯ ಐಲಿ ಬಕೆಟ್ಟನ್ನು ಕೈಚೀಲದಲ್ಲಿ ಅಡಗಿಸಿಕೊಂಡು, ಪತ್ರ ಹಾಕಿ ಬರುತ್ತೇನೆಂದು ಹೊರಟು, ಐದು ಗಂಟೆಯ ಮೇಲೆ ಮೊಣಕಾಲವರೆಗೆ ಒದ್ದೆಯಾಗಿ ಬರುತ್ತಾಳೆ. ಅಂಚೆಡಬ್ಬಿ ಇರುವುದು ಅವಳ ಗೇಟಿನ ಎದುರಿಗೇ. ಯಾರೂ ಏನೂ ಅನ್ನುವುದಿಲ್ಲ.

ನಮ್ಮ ಅತ್ತೆಯದು ದೋಣಿಯ ಲೆಕ್ಕ. ಹೂವಿಗೆ ಹಿಮ ಬಡಿದಿದೆಯೇ ಎಂದು ನೋಡಲು ಒಮ್ಮೆ, ಕಾಯಿ ಕಚ್ಚಿದೆಯೇ ಎಂದು ನೋಡಲು ಒಮ್ಮೆ, ಕೊನೆಗೆ ಆಗಸ್ಟಿನಲ್ಲಿ ಹಣ್ಣು ಕೀಳಲು ನಾಲ್ಕೈದು ಸಲ. ಪ್ರತಿ ಸಲವೂ ಹೊಳೆಯ ಆಚೆ ದಡದ ಕೂಸಿ ಗುಡ್ಡದ ಕಡೆಗೆ ದೋಣಿ ಹಾಕಿ, ನಮಗೆ ಕೈ ಬೀಸಿ, ತಿರುವಿನಲ್ಲಿ ಮರೆಯಾಗುತ್ತಾರೆ. ಸಂಜೆ ಬಕೆಟ್ ತುಂಬಿಸಿಕೊಂಡು ಬರುತ್ತಾರೆ. ಹನ್ನೊಂದು ವರ್ಷದ ಹಿಂದೆ ನಾನು ತಂಪೆರೆ ಪಟ್ಟಣದಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಇದು ಎಲ್ಲಿ ಸಿಗುತ್ತದೆ, ನಾನೂ ಬರಲೇ ಎಂದು ಊಟದ ಹೊತ್ತಿನಲ್ಲಿ ಕೇಳಿಬಿಟ್ಟಿದ್ದೆ. ಮೇಜಿನ ಸುತ್ತ ಕೂತವರೆಲ್ಲ ಚಮಚ ಕೆಳಗಿಟ್ಟರು. ಆಮೇಲೆ ಗಂಡ ಅಂಟೆರೊ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಆ ಜಾಗ ತನಗೂ ಗೊತ್ತಿಲ್ಲ, ತನ್ನಪ್ಪನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ ಎಂದು ಪಿಸುಮಾತಿನಲ್ಲಿ ತಿಳಿಸಿದ. ಅದು ತಾಯಿಯಿಂದ ಮಗಳಿಗೆ ಬರುವ ಗುಟ್ಟು. ಅತ್ತೆಗೆ ಹೆಣ್ಣುಮಕ್ಕಳಿಲ್ಲ.

ಅದೇ ವಾರ ನನಗೆ ಇನ್ನೊಂದು ಎಚ್ಚರಿಕೆಯೂ ಸಿಕ್ಕಿತು. ನಮ್ಮ ಸೌನಾದ, ಅಂದರೆ ಹಬೆಸ್ನಾನದ ಗುಡಿಸಲಿನ, ಹಿಂದೆ, ಮುರಿದ ಕುರಿಬೇಲಿಯ ಆಚೆ, ವಿಲೋ ಪೊದೆ ಗೋಡೆಯ ಹಾಗೆ ಬೆಳೆದಿದೆ. ಅದರ ಹಿಂದೆ ತಳವಿಲ್ಲದ ಕೆಸರು. ಅತ್ತೆಯ ಅಜ್ಜನ ಕಾಲದಲ್ಲಿ ಒಂದು ಕುದುರೆ ಗಾಡಿ ಸಮೇತ ಅದರೊಳಗೆ ಹೋಯಿತಂತೆ. ಅಂಟೆರೊ ಇವತ್ತಿಗೂ ಕಟ್ಟಿಗೆ ಒಡೆಯುವಾಗ ಆ ಕಡೆಗೆ ಬೆನ್ನು ಹಾಕುವುದಿಲ್ಲ. ಅವನು ಚಿಕ್ಕವನಿದ್ದಾಗ ಕೇಳಿದ ಕುದುರೆ ಬೂದು ಬಣ್ಣದ್ದು. ನನಗೆ ಹೇಳಿದ್ದು ಕಪ್ಪು. ನಮ್ಮ ಮಗಳು ಕೆರ್ತುವಿನ ಪಾಲಿಗೆ ಬರುವ ಹೊತ್ತಿಗೆ ಅದರ ಹಣೆಯ ಮೇಲೆ ಬಿಳಿ ಚುಕ್ಕೆ ಮೂಡಿತ್ತು. ವಯಸ್ಸಾದವರ ನೆನಪು ಎಂದು ನಾನು ಸುಮ್ಮನಿದ್ದೆ.

ಇನ್ನು ತೊರ್ಸ್ತಿಯ ವಿಷಯ. ಔಲು ಪಟ್ಟಣದಲ್ಲಿ ನಲವತ್ತು ವರ್ಷ ಹಲ್ಲು ಕಿತ್ತು ನಿವೃತ್ತರಾದ ಡಾಕ್ಟರು. ಒಂಬತ್ತು ಬೇಸಿಗೆಯಿಂದ ಜುಲೈ ತಿಂಗಳಲ್ಲಿ ಬಂದು ನಮ್ಮ ಅಂಗಳದ ಮರದ ಕೋಣೆಯಲ್ಲಿ ಎರಡು ವಾರ ಇರುತ್ತಾರೆ. ಕೈಯಲ್ಲಿ ಬಲೆ, ಕೊರಳಲ್ಲಿ ಭೂತಗನ್ನಡಿ. ಅವರು ಹುಡುಕುವುದು ಒಂದು ಪತಂಗವನ್ನು. ಬಾರ್ಲಿ ಕಾಳಿನಷ್ಟು ಉದ್ದ, ಮಸಿ ಹಿಡಿದ ಬೆಳ್ಳಿಯ ಬಣ್ಣ, ರೆಕ್ಕೆಯ ಅಂಚಿನಲ್ಲಿ ತುಕ್ಕಿನಂಥ ಒಂದು ಗೆರೆ. ಅದರ ಹುಳ ಹಿಲ್ಲಾ ಎಲೆಯನ್ನು ಮಡಿಸಿ, ಹೊಲಿದು, ಒಳಗೆ ಮನೆ ಮಾಡಿಕೊಳ್ಳುತ್ತದೆ. ಬೇರೆ ಯಾವ ಎಲೆಯೂ ಅದಕ್ಕೆ ಆಗುವುದಿಲ್ಲ. ಈ ಉತ್ತರದ ತುದಿ ಬಿಟ್ಟರೆ ಅದು ಎಲ್ಲೂ ಇಲ್ಲ, ಇಲ್ಲಿಯೂ ಅದನ್ನು ನೋಡಿದವರಿಲ್ಲ. ಒಂಬತ್ತು ವರ್ಷದಲ್ಲಿ ತೊರ್ಸ್ತಿಗೆ ಸಿಕ್ಕಿದ್ದು ಬಸ್ ನಿಲ್ದಾಣದ ಜೇಡರ ಬಲೆಯಲ್ಲಿ ಒಂದೇ ಒಂದು ರೆಕ್ಕೆ.

ಪಾಪ, ಅವರು ಬಂದ ಮೊದಲ ದಿನವೇ ಮನೆಮನೆಗೆ ಹೋಗಿ, ಇಲ್ಲಿ ಹಿಲ್ಲಾ ಚೆನ್ನಾಗಿ ಬೆಳೆಯುವ ಜೌಗು ಯಾವುದು ಎಂದು ಕೇಳಿದ್ದರು. ಅಲ್ಲಿಗೆ ಕಥೆ ಮುಗಿಯಿತು. ಪತಂಗ ಎಂಬುದು ಇಲ್ಲವೇ ಇಲ್ಲ, ಅದು ಹಣ್ಣು ಕದಿಯಲು ಪಟ್ಟಣದವನು ಹೂಡಿದ ನೆಪ ಎಂದು ಊರು ಒಮ್ಮತದಿಂದ ತೀರ್ಮಾನಿಸಿತು. ಆದರೂ ಎಲ್ಲರೂ ಬಹಳ ಮರ್ಯಾದೆಯಿಂದ ದಾರಿ ತೋರಿಸಿದರು. ಒಂಬತ್ತು ವರ್ಷದಲ್ಲಿ ಅವರು ಸುತ್ತಮುತ್ತಲ ಎಲ್ಲ ಕಲ್ಲುಗುಡ್ಡ, ಮರಳುದಿಣ್ಣೆ, ಎರಡು ಕ್ವಾರಿಗಳನ್ನು ನೋಡಿ ಮುಗಿಸಿದ್ದಾರೆ.

ಅವರನ್ನು ನಂಬಿದವಳು ಕೆರ್ತು ಒಬ್ಬಳೇ. ಅವಳಿಗೆ ಹತ್ತು ವರ್ಷ. ತೊರ್ಸ್ತಿ ತಮ್ಮ ಗಾಜಿನ ಪೆಟ್ಟಿಗೆ ತೆರೆದು ಅವಳಿಗೆ ತೋರಿಸಿದ್ದರು: ಸಾಲಾಗಿ ಸೂಜಿಗೆ ಚುಚ್ಚಿದ ಪತಂಗಗಳು, ಪ್ರತಿ ಸೂಜಿಯ ಕೆಳಗೂ ಕಿರುಬೆರಳಿನ ಉಗುರಿನಷ್ಟು ಒಂದು ಚೀಟಿ. ಚೀಟಿಯಲ್ಲಿ ಜಾಗ, ದಿನ, ಹುಡುಕಿದವರ ಹೆಸರು. ಚೀಟಿಯಿಲ್ಲದ ಪತಂಗ ಬರೀ ಧೂಳು ಎಂದಿದ್ದರು. ಚೀಟಿ ಇದ್ದರೆ ಅದು ಸಂಗ್ರಹಾಲಯಕ್ಕೆ ಸೇರುತ್ತದೆ, ನೂರು ವರ್ಷದ ಮೇಲೂ ಯಾರೋ ಒಬ್ಬರು ಡ್ರಾಯರು ಎಳೆದು ಆ ಹೆಸರು ಓದುತ್ತಾರೆ. ನಮ್ಮ ಪತಂಗವನ್ನು ನೀನು ಹುಡುಕಿಕೊಟ್ಟರೆ ಚೀಟಿಯಲ್ಲಿ ನಿನ್ನದೇ ಹೆಸರು ಎಂದು ಮಾತೂ ಕೊಟ್ಟಿದ್ದರು. ಕೆರ್ತುವಿನ ಕೋಟಿನ ಕಾಲರಿನಲ್ಲಿ, ಬೂಟಿನಲ್ಲಿ, ಶಾಲೆಯ ಚೀಲದಲ್ಲಿ ಇರುವುದೆಲ್ಲ ನನ್ನ ಅಕ್ಕನ ಮಕ್ಕಳ ಹೆಸರು. ಅವರಿಗೆ ಚಿಕ್ಕದಾದದ್ದೆಲ್ಲ ಇವಳಿಗೆ ಬರುತ್ತದೆ. ಉಗುರಿನಷ್ಟು ಕಾಗದದ ಮೇಲೆ ತನ್ನದೇ ಹೆಸರು ಬರುವ ಯೋಚನೆಯಲ್ಲಿ ಅವಳು ಎರಡು ಬೇಸಿಗೆ ಕಳೆದಿದ್ದಳು.

ಈ ಜುಲೈನ ಒಂದು ಮಂಗಳವಾರ ಅತ್ತೆ ಕಾಯಿ ನೋಡಿಕೊಂಡು ದೋಣಿಯಲ್ಲಿ ಬಂದರು. ಒಲೆಯ ಹತ್ತಿರ ನಿಂತು ತಲೆವಸ್ತ್ರ ಬಿಚ್ಚಿ ಕೊಡವಿದರು. ಅದರಿಂದ ಏನೋ ಒಂದು ಹಾರಿ ಸಕ್ಕರೆ ಬಟ್ಟಲಿನ ಅಂಚಿನ ಮೇಲೆ ಕೂತಿತು. ನಾನು ಒರೆಸುವ ಬಟ್ಟೆ ಎತ್ತುವಷ್ಟರಲ್ಲಿ ಕೆರ್ತು ಗಾಜಿನ ಲೋಟ ಬೋರಲು ಹಾಕಿ, ಕೆಳಗೆ ಪೋಸ್ಟ್‌ಕಾರ್ಡ್ ತೂರಿಸಿ, ತೊರ್ಸ್ತಿಯನ್ನು ಕರೆಯಲು ಓಡಿದ್ದಳು.

ತೊರ್ಸ್ತಿ ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಕೂತರು. ಅಂಟೆರೊ ಪೆಚ್ಚಾಗಿ, "ಅಂದ್ರೆ ಇದು ನಿಜವಾಗ್ಲೂ ಇತ್ತಾ?" ಎಂದ.

"ಎಲ್ಲಿ ಸಿಕ್ತು?" ತೊರ್ಸ್ತಿ ಕೊನೆಗೆ ಕೇಳಿದರು.

"ಅಜ್ಜಿ ತಲೆವಸ್ತ್ರದಲ್ಲಿ," ಎಂದಳು ಕೆರ್ತು.

"ಸೈಮಿ ಅಕ್ಕ, ತಲೆವಸ್ತ್ರ ಎಲ್ಲಿತ್ತು?"

"ನನ್ನ ತಲೆ ಮೇಲೆ."

"ತಲೆ ಎಲ್ಲಿತ್ತು?"

ಅತ್ತೆ ಒಲೆಗೆ ಒಂದು ಕಟ್ಟಿಗೆ ಹಾಕಿದರು. "ಕತ್ತಿನ ಮೇಲೆ, ಡಾಕ್ಟ್ರೇ. ಎಪ್ಪತ್ನಾಲ್ಕು ವರ್ಷದಿಂದ ಅಲ್ಲೇ ಇದೆ."

ಕೆರ್ತು ಬೇಡಿಕೊಂಡಳು. ಚೀಟಿಯ ಮೇಲೆ ಜಾಗ ಬೇಕು, ಜಾಗ ಇಲ್ಲದಿದ್ದರೆ ಹೆಸರೂ ಇಲ್ಲ ಎಂದು ಅಜ್ಜಿಯ ಲಂಗ ಹಿಡಿದು ಹಿಂದೆ ಮುಂದೆ ಸುತ್ತಿದಳು. ಮೊಮ್ಮಗಳ ಮುಖ ನೋಡಿ ಅತ್ತೆ ನಿಟ್ಟುಸಿರು ಬಿಟ್ಟು, ಸರಿ, ಕೂಸಿ ಗುಡ್ಡದ ಹಿಂದೆ, ಎರಡನೆಯ ಹಳ್ಳ ದಾಟಿದ ಮೇಲೆ ಎಂದರು. ಎಷ್ಟು ಕಷ್ಟಪಟ್ಟು ಹೇಳಿದರೆಂದರೆ ನಾನೂ ನಂಬಿದೆ.

ತೊರ್ಸ್ತಿ ಎರಡು ದಿನ ಅಲ್ಲಿ ಅಲೆದರು. ಗುರುವಾರ ಮಧ್ಯಾಹ್ನ ಬಂದಾಗ ಮುಖವೆಲ್ಲ ಸೊಳ್ಳೆ ಕಚ್ಚಿ ಊದಿತ್ತು, ಒಂದು ಬೂಟಿನಲ್ಲಿ ನೀರು. ಯಾರನ್ನೂ ದೂರಲಿಲ್ಲ. ಅಲ್ಲಿ ಹಿಲ್ಲಾ ಗಿಡವೇ ಇಲ್ಲ, ಬರೀ ಕಲ್ಲು ಎಂದರು ಅಷ್ಟೇ. ಸುಳ್ಳು ಜಾಗ ಬರೆದ ಚೀಟಿಯನ್ನು ತಾನು ಸೂಜಿಗೆ ಚುಚ್ಚಲಾರೆ, ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು ಎಂದರು. ಊಟಕ್ಕೆ ಕೂತಾಗ ತಮಗೆ ತಾವೇ ಹೇಳಿಕೊಳ್ಳುವಂತೆ, ಇದು ಗಾಳಿಗೆ ಹೆದರುವ ಜೀವ, ಹುಟ್ಟಿದ ಗಿಡ ಬಿಟ್ಟು ಇನ್ನೂರು ಹೆಜ್ಜೆ ಆಚೆಗೂ ಹೋಗಲಾರದು ಎಂದರು. ಬಡಿಸುತ್ತಿದ್ದ ಅತ್ತೆಯ ಸೌಟು ಅರೆಕ್ಷಣ ನಿಂತಿತು. ನನಗೆ ಅದು ಕಾಣಿಸಿತು, ಅರ್ಥವಾಗಲಿಲ್ಲ. ಕೆರ್ತು ತಟ್ಟೆಯಲ್ಲಿದ್ದ ಮೀನು ಮುಟ್ಟದೆ ಎದ್ದುಹೋದಳು.

ನಾನು ಆ ದಿನ ಹಾಸಿಗೆ ಬಟ್ಟೆ ಒಗೆದು ಹಾಕಿದ್ದೆ. ಸಂಜೆ ಮಡಿಸಲು ಹೋದರೆ ನಾಲ್ಕು ದಿಂಬಿನ ಚೀಲ ಇಲ್ಲ. ಹುಡುಕಿದೆ. ಒಂದು ದೋಣಿಮನೆಯ ಬಾಗಿಲಿಗೆ, ಒಂದು ಗೇಟಿಗೆ, ಒಂದು ಕಟ್ಟಿಗೆ ಕೊಟ್ಟಿಗೆಗೆ, ಇನ್ನೊಂದು ಸೌನಾದ ಹಿಂದಿನ ಕುರಿಬೇಲಿಗೆ ಕಟ್ಟಿತ್ತು. ಬೈಯಲು ಬಾಯಿ ತೆರೆದೆ.

"ಅಮ್ಮ, ಮುಟ್ಟಬೇಡ," ಎಂದಳು ಕೆರ್ತು. "ಬಿಳಿ ಬಟ್ಟೆ ಅಂದ್ರೆ ಅವಕ್ಕೆ ಇಷ್ಟ, ಬಂದು ಕೂತ್ಕೋತವೆ. ಎಣಿಸ್ತಾ ಇದ್ದೀನಿ."

ಮಗು ಮಧ್ಯಾಹ್ನದಿಂದ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿತ್ತು. ಈಗ ಕಣ್ಣಲ್ಲಿ ಏನೋ ಹೊಳಪು. ನಾಲ್ಕು ದಿಂಬಿನ ಚೀಲ ಹೋದರೆ ಹೋಗಲಿ ಎಂದು ಬಿಟ್ಟೆ. ಆ ರಾತ್ರಿ ನಾವೆಲ್ಲ ಬರಿಯ ದಿಂಬಿನ ಮೇಲೆ ಮಲಗಿದೆವು. ಅತ್ತೆ ಯಾಕೆಂದು ಕೇಳಿದಾಗ ಇನ್ನೂ ಒಣಗಿಲ್ಲ ಎಂದೆ. ಈ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಶುಕ್ರವಾರ ಸಂಜೆ ಕೆರ್ತು ನೋಟ್‌ಬುಕ್ ತಂದು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ನನ್ನ ಮುಂದೆ ಹಿಡಿದಳು. ದೋಣಿಮನೆ, ಸೊನ್ನೆ. ಗೇಟು, ಸೊನ್ನೆ. ಕಟ್ಟಿಗೆ ಕೊಟ್ಟಿಗೆ, ಎರಡು. ಕುರಿಬೇಲಿ, ಒಂಬತ್ತು. ನನಗೆ ಹಿಟ್ಟು ಉಕ್ಕುವುದರ ಚಿಂತೆ. ಒಳ್ಳೆಯದು ಮರಿ ಎಂದು ಕಳಿಸಿಬಿಟ್ಟೆ.

ಶನಿವಾರ ಬೆಳಿಗ್ಗೆ ಅತ್ತೆ ದೋಣಿ ಹತ್ತಿ ಕೂಸಿ ಗುಡ್ಡದ ಕಡೆಗೆ ಹೋದರು. ನಾನು ಕಿಟಕಿಯ ಬಳಿ ಪಾತ್ರೆ ತೊಳೆಯುತ್ತಿದ್ದೆ. ಸೌನಾದ ಹಿಂದೆ ಕೆಂಪಾಗಿ ಏನೋ ಚಲಿಸಿತು. ಕೆರ್ತುವಿನ ಬೂಟು. ಅವಳು ಬೇಲಿ ದಾಟಿ, ಒಂದು ಕೋಲಿನಿಂದ ನೆಲ ಕುಟ್ಟಿಕೊಂಡು, ವಿಲೋ ಪೊದೆಯೊಳಗೆ ನುಗ್ಗುತ್ತಿದ್ದಳು.

ನನ್ನ ಕಣ್ಣ ಮುಂದೆ ಬಂದದ್ದು ಆ ಕುದುರೆ. ಬೂದು, ಕಪ್ಪು, ಚುಕ್ಕೆ, ಮೂರೂ. ಕೈಯ ನೊರೆ ಒರೆಸಿಕೊಳ್ಳದೆ ಓಡಿದೆ. ಬೇಲಿ ಹಾರಿದೆ, ಲಂಗ ಹರಿಯಿತು, ಪೊದೆಯೊಳಗೆ ಬಿದ್ದೆ. ಮುಳುಗುತ್ತೇನೆಂದು ಕಾದೆ. ಮುಳುಗಲಿಲ್ಲ. ಪಾಚಿಯ ಕೆಳಗೆ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಮರದ ಹಲಗೆ. ಅದರಾಚೆ ಇನ್ನೊಂದು ಹಲಗೆ. ಒಂದರ ಮೇಲೆ ನೀಲಿ ಬಣ್ಣದ ಗೀಟು. ಐಲಿಯ ಗಂಡ ಕದ್ದನೆಂದು ಅಂಟೆರೊ ಆರು ವರ್ಷದಿಂದ ಮಾತು ಬಿಟ್ಟಿರುವುದು ಇದೇ ಹಲಗೆಗಳಿಗಾಗಿ.

ಪೊದೆ ದಾಟಿದರೆ ಎದುರಿಗೆ ಬಯಲಿನಷ್ಟು ಜೌಗು. ಕಣ್ಣು ಹಾಯುವವರೆಗೂ ಹಿಲ್ಲಾ ಗಿಡ, ಗಿಡಕ್ಕೊಂದು ಇನ್ನೂ ಮಾಗದ ಕೆಂಪು ಕಾಯಿ. ನಡುವೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಎರಡು ಗಂಟೆಯ ಹಿಂದೆ ಹೊಳೆ ದಾಟಿದ ನಮ್ಮ ಅತ್ತೆ ಫ್ಲಾಸ್ಕಿನಿಂದ ಕಾಫಿ ಸುರಿದುಕೊಳ್ಳುತ್ತಿದ್ದರು. ಅವರ ಮುಂದೆ ಕೆರ್ತು, ಕೋಲು ಹಿಡಿದು ನಿಂತಿದ್ದಳು.

"ಕುದುರೆ ಎಲ್ಲಿ, ಅಜ್ಜಿ?" ಕೆರ್ತು ಕೇಳಿದಳು.

"ಮುಳುಗಿದೆಯಲ್ಲ. ಹೇಗೆ ಕಾಣುತ್ತೆ?" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಹನ್ನೊಂದು ವರ್ಷ ತಗೊಂಡೆ ನೀನು."

ತೊಳೆದ ಪಾತ್ರೆಯ ನೊರೆ ಇನ್ನೂ ಮೊಣಕೈಯಿಂದ ಇಳಿಯುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಿಲ್ಲಿಸಲಾಗಲಿಲ್ಲ. ಅತ್ತೆ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಕಾಫಿ ಹಾಕಿ ಕೊಟ್ಟರು, ಇಲ್ಲಿನ ರೂಢಿಯಂತೆ ಗಿಣ್ಣುಹಾಲಿನ ಚೀಸಿನ ಒಂದು ತುಂಡು ಕಾಫಿಯೊಳಗೆ ಅದ್ದಿದರು. ಹೊಳೆಯ ತಿರುವು ದಾಟಿದ ಮೇಲೆ ಇದೇ ದಡಕ್ಕೆ ದೋಣಿ ತಿರುಗಿಸಿ ಹಿಂಬದಿಯಿಂದ ಬರುವ ಕ್ರಮವನ್ನು ಅವರ ಅಮ್ಮ ಹೇಳಿಕೊಟ್ಟಿದ್ದರಂತೆ. ಕುದುರೆಯ ಕಥೆ ಅವರ ಅಜ್ಜಿಯ ಕಾಣಿಕೆ. ಕೆರ್ತುವಿಗೆ ಹದಿನೈದು ತುಂಬಿದ ಮೇಲೆ ಹೇಳೋಣವೆಂದು ಕಾದಿದ್ದರಂತೆ.

"ನಿನಗೆ ಹೇಳ್ಬೇಕು ಅಂತ ಎಷ್ಟು ಸಲ ಬಾಯಿಗೆ ಬಂತು," ಎಂದರು ನನಗೆ. "ಆದ್ರೆ ನೀನು ಅಂಟೆರೊಗೆ ಹೇಳ್ಬಿಡ್ತಿದ್ದೆ."

ಹೇಳಿಬಿಡುತ್ತಿದ್ದೆ, ನಿಜ.

ಕೆರ್ತು ಒಂದು ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎಲೆಯ ಅಂಚು ಮಡಿಸಿ, ನವುರಾದ ಬಿಳಿ ದಾರದಲ್ಲಿ ಹೊಲಿದಿತ್ತು. ಪುಟ್ಟ ದಿಂಬಿನ ಚೀಲದ ಹಾಗೆ. ಒಳಗಿದ್ದವನು ಹಾರಿಹೋಗಿದ್ದ. ಅವಳು ಅದನ್ನೇ ನೋಡುತ್ತ ಹೇಳಿದಳು: "ಚೀಟಿ ಮೇಲೆ ನನ್ನ ಹೆಸರು ಬೇಕು, ಅಜ್ಜಿ. ಆದ್ರೆ ಈ ಜಾಗ ನಾನು ಯಾರಿಗೂ ಹೇಳಲ್ಲ." ಒಂದು ಗಳಿಗೆ ಬಿಟ್ಟು, ಇನ್ನೂ ಸಣ್ಣ ದನಿಯಲ್ಲಿ, "ಹಾಗಾದ್ರೆ ಹೆಸರು ಬೇಡ ಬಿಡು," ಎಂದಳು.

ಅತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದರು.

ಆ ಸಂಜೆ ಊಟವಾದ ಮೇಲೆ ಅವರು ತೊರ್ಸ್ತಿಯ ಎದುರು ಕೂತು, ಉಗುರಿನಷ್ಟು ಕಾಗದದ ಮೇಲೆ ಎಷ್ಟು ಜಾಗ ಬರೆಯುತ್ತೀರಿ ಎಂದು ಕೇಳಿದರು. ತೊರ್ಸ್ತಿ ನಕ್ಷೆ ಬಿಡಿಸಿದರು. ಊರಿನ ಹೆಸರು, ಆಮೇಲೆ ಒಂದು ಚೌಕದ ಸಂಖ್ಯೆ. ಇಡೀ ದೇಶವನ್ನು ಹೀಗೆ ಚೌಕಗಳಾಗಿ ಕತ್ತರಿಸಿಟ್ಟಿದ್ದಾರೆ, ಒಂದು ಚೌಕ ಹತ್ತು ಕಿಲೋಮೀಟರ್ ಅಗಲ, ಹತ್ತು ಕಿಲೋಮೀಟರ್ ಉದ್ದ.

"ಹತ್ತು ಕಿಲೋಮೀಟರ್," ಎಂದರು ಅತ್ತೆ. "ಇದನ್ನ ಒಂಬತ್ತು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ, ಸೈಮಿ ಅಕ್ಕ. ಜಾಗ ಅಂದ ತಕ್ಷಣ ಎಲ್ರೂ ಎದ್ದು ಹೋಗ್ತಿದ್ರಿ."

ಅತ್ತೆ ಕನ್ನಡಕ ಹಾಕಿಕೊಂಡು ನಮ್ಮ ಚೌಕವನ್ನು ಪರೀಕ್ಷಿಸಿದರು. ಚರ್ಚು, ಶಾಲೆ, ಅರ್ಧ ಕೂಸಿ ಗುಡ್ಡ, ಹೊಳೆ. ಮೇಲಿನ ಮೂಲೆಯ ಒಂದು ಹಸಿರು ಮಚ್ಚೆಯ ಮೇಲೆ ಬೆರಳಿಟ್ಟು, ಐಲಿಯ ಜೌಗೂ ಇದರಲ್ಲೇ ಬರುತ್ತದಲ್ಲವೇ ಎಂದು ಬಹಳ ಮುಗ್ಧವಾಗಿ ಕೇಳಿದರು. ಬರುತ್ತದೆ ಎಂದಾಗ ಅವರ ಮುಖ ಅರಳಿತು. ಯಾರಾದರೂ ಹುಡುಕಿಕೊಂಡು ಅಲ್ಲಿಗೆ ಹೋದರೆ ತಮ್ಮ ಅಭ್ಯಂತರವೇನೂ ಇಲ್ಲವಂತೆ.

ಆದರೆ ತೊರ್ಸ್ತಿ ಒಪ್ಪಲಿಲ್ಲ. ಚೌಕ ದೊಡ್ಡದಾದರೂ ಸುಳ್ಳು ಸುಳ್ಳೇ. ಈ ಚೌಕದಲ್ಲಿ ಆ ಪತಂಗ ಬದುಕಿದೆ ಎಂದು ತಾನೇ ಕಣ್ಣಾರೆ ನೋಡದೆ ಹೇಗೆ ಬರೆಯಲಿ ಎಂದರು. ಕೆರ್ತು ಅಜ್ಜಿಯನ್ನು ನೋಡಿದಳು. ಅತ್ತೆ ನಕ್ಷೆಯನ್ನು ನಿಧಾನವಾಗಿ ಮಡಿಸಿದರು, ತಪ್ಪಾಗಿ ಮಡಿಸಿ ಮತ್ತೆ ಬಿಡಿಸಿದರು.

"ನಾಳೆ ಬೆಳಿಗ್ಗೆ ಸೌನಾದ ಹಿಂದಿನ ಬೆಂಚಿನ ಮೇಲೆ ಬಂದು ಕೂತ್ಕೊಳ್ಳಿ," ಎಂದರು ಕೊನೆಗೆ. "ಬೆಂಚಿನಿಂದ ಏಳಬಾರದು."

ಭಾನುವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಕುರಿಬೇಲಿಗೆ ನನ್ನ ದಿಂಬಿನ ಚೀಲ ಕಟ್ಟಿತ್ತು. ತೊರ್ಸ್ತಿ ಬೆಂಚಿನ ಮೇಲೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ, ಕೈ ಮಡಿಲಲ್ಲಿಟ್ಟು ಕೂತರು. ಪಕ್ಕದಲ್ಲಿ ಕೆರ್ತು. ಬಟ್ಟೆ ಎತ್ತುವ ನೆಪದಲ್ಲಿ ನಾನು. ಮೊದಲ ಪತಂಗ ಪೊದೆಯ ಮೇಲಿಂದ ತೂರಾಡುತ್ತ ಬಂದು ಬಿಳಿ ಬಟ್ಟೆಯ ಮೇಲೆ ಕೂತಿತು. ಆಮೇಲೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ತೊರ್ಸ್ತಿ ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತು ಬೇಸಿಗೆ ಅವರು ಬೆಳಗಿನ ಕಾಫಿ ಕುಡಿದದ್ದು ಇದೇ ಬೆಂಚಿನ ಮೇಲೆ.

ಅವರು ಬಟ್ಟೆಯನ್ನು ನೋಡಿದರು. ಪೊದೆಯನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಅತ್ತೆಯನ್ನು ನೋಡಿದರು.

"ಆ ಕಡೆ ಹೋಗಬಾರದು, ಡಾಕ್ಟ್ರೇ," ಎಂದರು ಅತ್ತೆ. "ತಳ ಇಲ್ಲದ ಕೆಸರು. ನಮ್ಮಜ್ಜನ ಕುದುರೆ ಮುಳುಗಿದ್ದು ಅಲ್ಲೇ."

"ಹೌದಾ," ಎಂದರು ತೊರ್ಸ್ತಿ. "ಯಾವ ಬಣ್ಣದ್ದು?"

"ಕಂದು."

"ಪಾಪ," ಎಂದರು ತೊರ್ಸ್ತಿ, ಮತ್ತು ತಲೆಯಿಂದ ಟೋಪಿ ತೆಗೆದರು.

ಚೀಟಿಯನ್ನು ಅವರು ಅಡುಗೆಮನೆಯ ಮೇಜಿನ ಮೇಲೆ, ನಾನು ಹಿಟ್ಟು ಒರೆಸಿಕೊಟ್ಟ ಜಾಗದಲ್ಲಿ, ಕೂದಲಿನಷ್ಟು ತೆಳುವಾದ ಪೆನ್ನಿನಲ್ಲಿ ಬರೆದರು. ಕೈರಾನಿವಾ, ಚೌಕದ ಸಂಖ್ಯೆ, ಜುಲೈ ತಿಂಗಳ ತಾರೀಖು. ಹುಡುಕಿದವರು: ಕೆರ್ತು ನಿಸ್ಕಾಲಾ. ಭೂತಗನ್ನಡಿ ಹಿಡಿದು ಕೆರ್ತು ಅದನ್ನು ಎಷ್ಟು ಸಲ ಓದಿದಳೆಂದರೆ ತೊರ್ಸ್ತಿಯ ಬಸ್ಸು ತಪ್ಪುವುದರಲ್ಲಿತ್ತು.

ಈಗ ಆಗಸ್ಟ್. ಅಂಟೆರೊಗೆ ನಾನು ಏನನ್ನೂ ಹೇಳಿಲ್ಲ. ಐಲಿಯ ಗಂಡನೊಂದಿಗೆ ಮಾತಾಡು, ಹಳೆಯದನ್ನೆಲ್ಲ ಬಿಡು ಎಂದು ಮಾತ್ರ ದಿನಾ ಹೇಳುತ್ತೇನೆ. ಈ ಬೆಳಿಗ್ಗೆ ಅತ್ತೆ ಬಕೆಟ್ ತೆಗೆದುಕೊಂಡು ಹೊಳೆಗೆ ಇಳಿದರು. ಕೆಂಪು ಬೂಟು ಹಾಕಿಕೊಂಡ ಕೆರ್ತುವೂ ಜೊತೆಗಿದ್ದಳು.

"ಎಲ್ಲಿಗೆ ಹೊರಟ್ರಿ?" ಎಂದು ಅಂಟೆರೊ ಕೊಟ್ಟಿಗೆಯಿಂದ ಕೂಗಿ ಕೇಳಿದ.

"ಕೂಸಿ ಗುಡ್ಡಕ್ಕೆ, ಅಪ್ಪ," ಎಂದಳು ಕೆರ್ತು, ಕಣ್ಣು ಮಿಟುಕಿಸದೆ.

ದೋಣಿ ತಿರುವಿನಲ್ಲಿ ಮರೆಯಾಯಿತು. ನಾನು ಬ್ರೆಡ್ಡು ಒಲೆಗಿಟ್ಟು ಕಿಟಕಿಯ ಬಳಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಸೌನಾದ ಹಿಂದಿನಿಂದ, ಪೊದೆಯ ಆಚೆಯಿಂದ, ಬಕೆಟ್ಟಿನ ತಳಕ್ಕೆ ಮೊದಲ ಹಣ್ಣು ಬಿದ್ದ ಸದ್ದು, ಜೊತೆಗೆ ಹತ್ತು ವರ್ಷದ ಹುಡುಗಿ ಬಾಯಿ ಮುಚ್ಚಿಕೊಂಡು ನಗುವ ಸದ್ದು ಕೇಳಿಸಿತು. ಅಂಟೆರೊ ಕೊಡಲಿ ನಿಲ್ಲಿಸಿ ಆ ಕಡೆ ತಲೆ ಎತ್ತಿದ.

ನಾನು ರೇಡಿಯೊ ಜೋರು ಮಾಡಿದೆ.